ಬೀಗಿತ್ತಿ ತಂದ ಟ್ಯೂಬು

ಉಣ್ಣೆ ತೊಳೆಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಹೆಂಗಸಿಗೆ ಬಡಾವಣೆಯವರೆಲ್ಲ ಉಣ್ಣೆಯಕ್ಕ ಎಂದೇ ಹೆಸರಿಟ್ಟಿದ್ದರು. ಅವಳು ಕೆಲಸದಿಂದ ನಿವೃತ್ತಳಾಗಿ ನಾಲ್ಕು ವರ್ಷವಾಗಿತ್ತು. ಹೆಸರು ಮಾತ್ರ ನಿವೃತ್ತವಾಗಿರಲಿಲ್ಲ. ಅದಕ್ಕೆ ಕಾರಣ ಅವಳು ತೊಳೆದ ಉಣ್ಣೆಯಲ್ಲ, ಉಣ್ಣೆಯಿಂದ ಇಳಿದ ಜಿಡ್ಡು.

ಕುರಿಯ ಮೈಯಿಂದ ಕತ್ತರಿಸಿ ತಂದ ಉಣ್ಣೆಯನ್ನು ಮುಟ್ಟಿ ನೋಡಿದವರಿಗೇ ಗೊತ್ತು ಅದೆಷ್ಟು ಅಂಟು ಎಂದು. ಬಿಸಿನೀರು, ಸಾಬೂನು ತುಂಬಿದ ಉದ್ದನೆಯ ತೊಟ್ಟಿಗಳಲ್ಲಿ ಒಂದರಿಂದ ಒಂದಕ್ಕೆ ದಾಟಿಸುತ್ತ ತೊಳೆದರೆ ಆ ಜಿಡ್ಡು ನೀರಿಗಿಳಿಯುತ್ತದೆ. ಆ ನೀರನ್ನು ಗಿರಗಿರನೆ ತಿರುಗುವ ಯಂತ್ರಕ್ಕೆ ಬಿಟ್ಟರೆ ಹಳದಿಯಾಗಿ ಬೇರೆ ನಿಲ್ಲುತ್ತದೆ. ಅದನ್ನು ಪೀಪಾಯಿಗಳಲ್ಲಿ ತುಂಬಿ ಯಾವುದೋ ಕಂಪನಿಗೆ ಕಳಿಸುತ್ತಿದ್ದರು. ಅಲ್ಲಿ ಅದು ಶುದ್ಧವಾಗಿ, ವಾಸನೆ ಕಳೆದುಕೊಂಡು, ಲ್ಯಾನೋಲಿನ್ ಎಂಬ ದೊಡ್ಡ ಹೆಸರು ಪಡೆದು, ಮುಖಕ್ಕೆ ಹಚ್ಚುವ ಕ್ರೀಮೋ ಕೂದಲಿಗೆ ಹಚ್ಚುವ ಇನ್ನೇನೋ ಆಗುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದ. ಪೀಪಾಯಿಯ ಬಾಯಿಗೆ ಮೆತ್ತಿಕೊಂಡದ್ದನ್ನು ಉಣ್ಣೆಯಕ್ಕ ಕೆರೆದು ಮನೆಗೆ ತರುತ್ತಿದ್ದಳು. ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಕುದಿಸಿ ಡಬ್ಬಿಗಳಿಗೆ ತುಂಬುತ್ತಿದ್ದಳು. ಒಡೆದ ಹಿಮ್ಮಡಿಗೆ ಅದೇ, ಪಾತ್ರೆ ತಿಕ್ಕಿ ಬಿರಿದ ಕೈಗೆ ಅದೇ, ಸೀಳಿದ ಕೂದಲ ತುದಿಗೆ ಅದೇ, ಮಗನ ಶಾಲೆಯ ಬೂಟಿಗೂ ಅದೇ. ಉಣ್ಣೆಯಕ್ಕನ ಡಬ್ಬಿ ಎಂದರೆ ಆ ನಾಲ್ಕು ಬೀದಿಗಳಲ್ಲಿ ಡಾಕ್ಟರ ಚೀಟಿಗಿಂತ ಒಂದು ಕೈ ಮೇಲು.

ಹೀಗಿರುವಾಗ ಸೊಸೆ ಹೆತ್ತಳು. ಹೆಣ್ಣುಮಗು. ಸೊಸೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಮಿತಭಾಷಿ, ಅತ್ತೆಗೆ ಒಂದು ದಿನವೂ ಎದುರಾಡಿದವಳಲ್ಲ. ಮಗ ಲಿಫ್ಟ್ ರಿಪೇರಿಯವನು. ಊರಿನವರನ್ನೆಲ್ಲ ಮೇಲೆ ಹತ್ತಿಸಿ ಇಳಿಸುವ ಅವನ ಸ್ವಂತ ಮನೆ ಮಾತ್ರ ಲಿಫ್ಟಿಲ್ಲದ ನಾಲ್ಕನೇ ಮಹಡಿಯಲ್ಲಿತ್ತು. ಆ ನಾಲ್ಕು ಮಹಡಿಯನ್ನು ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ಒಂದು ಸಲವೂ ನಿಲ್ಲದೆ ಹತ್ತಿ ಬಂದವಳು ಸೊಸೆಯ ತಾಯಿ. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಒಂದು ತಿಂಗಳ ರಜೆ ಹಾಕಿ ಬಂದಿದ್ದಳು.

"ಹೇಗಿದೀರಿ ಅಕ್ಕಾ?" ಎಂದಳು ಬೀಗಿತ್ತಿ ಬಾಗಿಲಲ್ಲೇ, ಏದುಸಿರಿಲ್ಲದೆ.

ಏದುಸಿರಿಲ್ಲದ್ದನ್ನು ಉಣ್ಣೆಯಕ್ಕ ಗಮನಿಸಿದಳು. ಅಲ್ಲಿಂದಲೇ ಶುರು.

ಬೀಗಿತ್ತಿ ಕೈತೊಳೆದು ಮಗುವನ್ನೆತ್ತಿಕೊಂಡರೆ ಅಳು ನಿಲ್ಲುತ್ತಿತ್ತು. ಉಣ್ಣೆಯಕ್ಕ ಎತ್ತಿಕೊಂಡರೂ ನಿಲ್ಲುತ್ತಿತ್ತು, ಆದರೆ ಸ್ವಲ್ಪ ತಡವಾಗಿ. ಬೀಗಿತ್ತಿ ಮಡಚಿದ ಮಗುವಿನ ಬಟ್ಟೆಗಳು ಇಸ್ಪೀಟು ಕಟ್ಟಿನಂತೆ ಅಂಚಿಗೆ ಅಂಚು ಕೂಡಿ ನಿಲ್ಲುತ್ತಿದ್ದವು. ಅವಳು ಮಲಗಿದರೆ ಗೊರಕೆ ಕೂಡ ಸಣ್ಣದು, ಬೆಕ್ಕಿನ ಮರಿಯದರಂತೆ. ಮಗ ಕೆಲಸದಿಂದ ಬಂದವನೇ "ಅತ್ತೇ, ಜ್ವರ ಏನಾದ್ರೂ ಇದ್ಯಾ ನೋಡಿ, ಅತ್ತೇ, ಹೀಗೆ ಹಿಡ್ಕೊಂಡ್ರೆ ಸರೀನಾ" ಎಂದು ಹಿಂದೆ ಹಿಂದೆ ಸುತ್ತುತ್ತಿದ್ದ. ಒಳಗಿನಿಂದ ಸೊಸೆ "ಅಮ್ಮಾ" ಎಂದು ಕೂಗುತ್ತಿದ್ದಳು. ಪಾತ್ರೆ ತೊಳೆಯುತ್ತ ಉಣ್ಣೆಯಕ್ಕ ಲೆಕ್ಕ ಹಾಕಿದಳು: ಮಗನ 'ಅತ್ತೆ'ಯೂ ಅವಳಿಗೆ, ಸೊಸೆಯ 'ಅಮ್ಮ'ನೂ ಅವಳಿಗೆ. ಹಾಗಾದರೆ ಈ ಮನೆಯಲ್ಲಿ ತನ್ನ ಪಾಲಿಗೆ ಉಳಿದದ್ದು ಏನು, ತೊಳೆಯುವ ಪಾತ್ರೆಯೇ?

ಇದನ್ನೆಲ್ಲ ಅವಳು ನುಂಗಿಕೊಂಡಾಳು. ನುಂಗಲಾಗದ್ದು ನಾಲ್ಕನೆಯ ದಿನ ಬಂತು.

ಹಾಲುಣಿಸುವಾಗ ಸೊಸೆಯ ಕಣ್ಣಲ್ಲಿ ನೀರು ಬರುತ್ತಿತ್ತು. ಮೊಲೆತೊಟ್ಟು ಬಿರಿದು ರಕ್ತ ಜಿನುಗುತ್ತಿತ್ತು. ಮಗು ಬಾಯಿ ಹಾಕಿದರೆ ಹುಡುಗಿ ಮಂಚದ ಸರಳು ಹಿಡಿದು ಹಲ್ಲು ಕಚ್ಚುತ್ತಿದ್ದಳು. ಅದನ್ನು ಕಂಡದ್ದೇ ಉಣ್ಣೆಯಕ್ಕ ತನ್ನ ಕೋಣೆಗೆ ಓಡಿ, ಕಪಾಟಿನಲ್ಲಿ ಉಳಿದಿದ್ದ ಕೊನೆಯ ಡಬ್ಬಿ ತಂದಳು. ಅಷ್ಟರಲ್ಲಿ ಬೀಗಿತ್ತಿ ಪೆಟ್ಟಿಗೆ ತೆರೆದು ಹೆಬ್ಬೆರಳಿನಷ್ಟು ಸಣ್ಣದೊಂದು ಟ್ಯೂಬು ತೆಗೆದಿದ್ದಳು. ಅದರ ಮೇಲೆ ನಗುವ ಕುರಿಯ ಚಿತ್ರವಿತ್ತು.

"ಲ್ಯಾನೋಲಿನ್ನು. ಬರೀ ಅದೇ, ಬೇರೇನೂ ಬೆರೆಸಿಲ್ಲ," ಎಂದಳು ಮಗಳಿಗೆ. "ಮಗು ಕುಡಿಯೋ ಮುಂಚೆ ಒರೆಸೋದೂ ಬೇಡ."

ಉಣ್ಣೆಯಕ್ಕನ ಮುಖ ಅರಳಿತು. "ಅಯ್ಯೋ, ಅದಕ್ಯಾಕೆ ಅಂಗಡಿ ಟ್ಯೂಬು? ಅದೇ ಇದು! ಇಗೋ, ನನ್ನ ಕೈಯಾರೆ ಸೋಸಿದ್ದು."

ಬೀಗಿತ್ತಿ ಡಬ್ಬಿ ತೆರೆದು ಮೂಸಿದಳು. ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ಉಣ್ಣೆಯಕ್ಕನಿಗೆ ಜಗಳವಾಡಲು ಅನುಕೂಲವಾಗುತ್ತಿತ್ತು. "ಹಿಮ್ಮಡಿಗೆ ಇದು ಚೆನ್ನಾಗಿರುತ್ತೆ ಅಕ್ಕಾ. ಆದ್ರೆ ಇದಕ್ಕೆ ಬೇಡ. ಕುರಿಗೆ ಹುಳ ಹತ್ತದೇ ಇರ್ಲಿ ಅಂತ ಔಷಧಿ ನೀರಲ್ಲಿ ಮುಳುಗಿಸ್ತಾರಲ್ಲ, ಅದು ಜಿಡ್ಡಲ್ಲೇ ಉಳಿದಿರುತ್ತೆ. ಕುದಿಸಿದ್ರೆ ಹೋಗಲ್ಲ. ಕಂಪನೀಲಿ ಅದನ್ನ ತೆಗೆದು ಶುದ್ಧ ಮಾಡಿರ್ತಾರೆ."

"ಮೂವತ್ತೊಂದು ವರ್ಷ ಹಚ್ಚಿದೀನಿ. ನನಗೇನಾಗಿದೆ?"

"ನಿಮ್ಮದು ಗಟ್ಟಿ ಚರ್ಮ ಅಕ್ಕಾ," ಎಂದು ಬೀಗಿತ್ತಿ ನಕ್ಕಳು. ಸೊಸೆಯೂ ನಕ್ಕಳು. ನೋವಿನ ನಡುವೆಯೂ ನಗು ಬಂತಲ್ಲ ಎಂದು ಬೇರೆ ಯಾರಾದರೂ ಸಂತೋಷಪಡುತ್ತಿದ್ದರು.

ಬೀಗಿತ್ತಿ ಹೇಳಿದ್ದು ಸುಳ್ಳೆಂದು ಉಣ್ಣೆಯಕ್ಕನಿಗೆ ಅನ್ನಿಸಲಿಲ್ಲ. ಅದೇ ಸಂಕಟ. ಮೊದಲನೆಯ ತೊಟ್ಟಿಯಲ್ಲಿ ಕೈಯಿಡುವವರಿಗೆ ಮೇಸ್ತ್ರಿ ಮೊಣಕೈವರೆಗಿನ ಗವಸು ಕೊಡುತ್ತಿದ್ದ. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಹಿತ್ತಲ ಗಿಡ ಮದ್ದಲ್ಲ ಎಂದು ತನ್ನ ಮನೆಯಲ್ಲೇ, ತನ್ನ ಮುಖಕ್ಕೇ ಹೇಳಿಸಿಕೊಂಡಂತಾಯಿತು. ತನ್ನ ಕೈಯಿಂದ ಪೀಪಾಯಿ ಹತ್ತಿ ಹೋದ ಜಿಡ್ಡೇ ಊರೆಲ್ಲ ಸುತ್ತಿ, ಟ್ಯೂಬಿನೊಳಗೆ ಕೂತು, ಈ ಹೆಂಗಸಿನ ಪೆಟ್ಟಿಗೆಯಲ್ಲಿ ದೊಡ್ಡಮನುಷ್ಯರಂತೆ ಬಂದಿಳಿದಿದೆ. ಇಳಿದು, ತನ್ನನ್ನೇ ಗುರುತು ಹಿಡಿಯುತ್ತಿಲ್ಲ!

ಟ್ಯೂಬಿನದು ಗಟ್ಟಿ ಮುಲಾಮು. ಹಿಂಡಿ ಹಿಂಡಿ ಮಗಳ ಬೆರಳು ನೋಯದಿರಲೆಂದು ಬೀಗಿತ್ತಿ ಅದನ್ನೆಲ್ಲ ಒಂದು ಪುಟ್ಟ ಬಿಳಿಯ ಡಬ್ಬಿಗೆ ಹಿಂಡಿಟ್ಟಳು. ಹಚ್ಚುವ ಮುಂಚೆ ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿ ಒಂದು ಗಳಿಗೆ ಕೂರಿಸುತ್ತಿದ್ದಳು. ಬಿರುಕು ದಿನದಿಂದ ದಿನಕ್ಕೆ ಕೂಡತೊಡಗಿತು. ಪಕ್ಕದ ಮನೆಯಾಕೆ ಮಗು ನೋಡಲು ಬಂದವಳು, "ನಿಮ್ಮ ಬೀಗಿತ್ತಿ ಕೈಗುಣ ನೋಡಿ ಉಣ್ಣೆಯಕ್ಕಾ, ನಾಲ್ಕೇ ದಿನದಲ್ಲಿ ವಾಸಿಯಾಗ್ತಿದೆ" ಎಂದಳು. ಈ ಪಕ್ಕದ ಮನೆಯಾಕೆಯ ಹಿಮ್ಮಡಿ ಹತ್ತು ವರ್ಷ ಯಾರ ಡಬ್ಬಿಯಿಂದ ನುಣ್ಣಗಿತ್ತು ಎಂಬುದನ್ನು ಉಣ್ಣೆಯಕ್ಕ ನೆನಪಿಸಲಿಲ್ಲ. ಬಾಯಲ್ಲಿ "ಹೌದಮ್ಮ, ನಮ್ಮ ಪುಣ್ಯ" ಎಂದಳು. ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು.

ಹನ್ನೊಂದನೆಯ ದಿನ ಮಧ್ಯಾಹ್ನ. ಸೊಸೆ, ಮಗು ಮಲಗಿದ್ದರು. ಬೀಗಿತ್ತಿ ಸ್ನಾನಕ್ಕೆ ಹೋಗಿದ್ದಳು. ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ಬಿಳಿಯ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿತ್ತು.

ಉಣ್ಣೆಯಕ್ಕ ಕೆಟ್ಟವಳಲ್ಲ. ಯಾರಿಗೂ ನೋವು ಮಾಡಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಅವಳ ಲೆಕ್ಕಾಚಾರ ಸರಳವಾಗಿತ್ತು: ಹೇಗೂ ಬಿರುಕು ಕೂಡುತ್ತಿದೆ. ಇನ್ನು ನಾಲ್ಕು ದಿನ ತನ್ನದನ್ನೇ ಹಚ್ಚಿಕೊಳ್ಳಲಿ. ಪೂರ್ತಿ ವಾಸಿಯಾದ ದಿನ ಊಟಕ್ಕೆ ಎಲ್ಲರೂ ಕೂತಾಗ, "ನಿನ್ನನ್ನ ವಾಸಿ ಮಾಡಿದ್ದು ಯಾವ್ದು ಗೊತ್ತೇನಮ್ಮಾ?" ಎಂದು ಮೆಲ್ಲಗೆ ಕೇಳಬೇಕು. ಆಗ ಬೀಗಿತ್ತಿಯ ಮುಖ ನೋಡಬೇಕು. ಆ ಮುಖವನ್ನು ಅವಳು ಮನಸ್ಸಿನಲ್ಲೇ ಎಷ್ಟು ಸಲ ನೋಡಿದ್ದಳೆಂದರೆ ಅದೀಗ ನಡೆದುಹೋದ ಸಂಗತಿಯಂತೆಯೇ ಇತ್ತು.

ತನ್ನ ಜಿಡ್ಡನ್ನು ಬೆಳಿಗ್ಗೆಯೇ ಇನ್ನೂ ಮೂರು ಸಲ ಕುದಿಸಿ, ಹೊಸ ಬಟ್ಟೆಯಲ್ಲಿ ಸೋಸಿ ಇಟ್ಟಿದ್ದಳು. ಬಿಳಿಯ ಡಬ್ಬಿಯಲ್ಲಿದ್ದುದನ್ನು ಚಮಚದಲ್ಲಿ ತೆಗೆದಳು. ಎಸೆಯಲು ಮನಸ್ಸು ಬರಲಿಲ್ಲ, ಮೊಣಕೈಗೆ ಹಚ್ಚಿಕೊಂಡಳು. ಎಂಥ ನಯ! ವಾಸನೆಯೇ ಇಲ್ಲ, ಹಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದು ಅಷ್ಟು ಚೆನ್ನಾಗಿದ್ದುದನ್ನೂ ಅವಳಿಗೆ ಸಹಿಸಲಾಗಲಿಲ್ಲ. ತನ್ನದನ್ನು ತುಂಬಿ, ಮೇಲ್ಭಾಗ ಸಮ ಮಾಡಿ, ಮುಚ್ಚಿದಳು. ಬಚ್ಚಲಲ್ಲಿ ನೀರು ನಿಂತಾಗ ಅವಳು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮೊದಲ ಎರಡು ದಿನ ಏನೂ ಆಗಲಿಲ್ಲ. "ಇದ್ಯಾಕೋ ಸ್ವಲ್ಪ ವಾಸ್ನೆ ಅಮ್ಮಾ" ಎಂದು ಸೊಸೆ ಅಂದದ್ದು ಕೇಳಿಸಿತು. "ಬಾಣಂತಿ ಮೂಗು ಹಾಗೇ ಕಣೇ, ಎಲ್ಲದೂ ನಾರುತ್ತೆ" ಎಂದಳು ಬೀಗಿತ್ತಿ. ಅವಳಿಗೆ ಆ ವಾರ ನೆಗಡಿಯಾಗಿತ್ತು. ಉಣ್ಣೆಯಕ್ಕ ಒಳಗೊಳಗೇ ಹಿಗ್ಗಿದಳು.

ಮೂರನೆಯ ದಿನ ಮಗು ಹಾಲಿಗೆ ಬಾಯಿ ಹಾಕಿ, ಮುಖ ತಿರುಗಿಸಿ ಚೀರಿತು. ಮತ್ತೆ ಹಾಕಿತು, ಮತ್ತೆ ತಿರುಗಿಸಿತು. ಸಂಜೆಯ ಹೊತ್ತಿಗೆ ಸೊಸೆಯ ಎದೆಯ ಮೇಲೆ ಕೆಂಪನೆಯ ಗುಳ್ಳೆಗಳೆದ್ದವು. ಅವಳು ನವೆ ತಾಳಲಾರದೆ ಬಟ್ಟೆಯ ಮೇಲಿನಿಂದಲೇ ಉಜ್ಜಿಕೊಳ್ಳುತ್ತಿದ್ದಳು. ಮಾರನೆಯ ಬೆಳಿಗ್ಗೆ ನೋಡಿದರೆ ಮಗುವಿನ ಗಲ್ಲ, ತುಟಿಯ ಸುತ್ತ ಕೆಂಪು ಕೆಂಪು. ಅಂಗೈಯಷ್ಟು ಮುಖ, ಅದರಲ್ಲಿ ಅರ್ಧ ಕೆಂಪು.



ಮಗ ಕೆಲಸಕ್ಕೆ ರಜೆ ಹೇಳಿದ. ಎಲ್ಲರೂ ಮಕ್ಕಳ ಡಾಕ್ಟರಲ್ಲಿಗೆ ಹೋದರು. ಡಾಕ್ಟರು ಇನ್ನೂ ಸಣ್ಣ ವಯಸ್ಸಿನವಳು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಮಗುವಿನ ಮುಖ ನೋಡಿದಳು, ತಾಯಿಯ ಎದೆ ನೋಡಿದಳು. "ಏನು ಹಚ್ತಿದೀರಿ?"

ಬೀಗಿತ್ತಿ ಚೀಲದಿಂದ ಬಿಳಿಯ ಡಬ್ಬಿ ತೆಗೆದು ಕೊಟ್ಟಳು. "ಶುದ್ಧ ಲ್ಯಾನೋಲಿನ್ ಡಾಕ್ಟ್ರೇ."

ಡಾಕ್ಟರು ಮುಚ್ಚಳ ತೆಗೆದಳು, ಹುಬ್ಬು ಗಂಟಿಕ್ಕಿದಳು, ಡಬ್ಬಿಯನ್ನು ಮೇಜಿನ ಮೇಲಿಂದ ಹಿಂದಕ್ಕೆ ತಳ್ಳಿದಳು. "ಇದಾ? ಮೂಸಿ ನೋಡಿ."

ಬೀಗಿತ್ತಿಯ ನೆಗಡಿ ಆಗಲೇ ಬಿಟ್ಟಿತ್ತು. ಅವಳು ಮೂಸಿದಳು. ಬೆರಳಿನಿಂದ ಸ್ವಲ್ಪ ತೆಗೆದು ಬೆಳಕಿಗೆ ಹಿಡಿದಳು. ಆಮೇಲೆ ತಲೆಯೆತ್ತಿ, ಬಾಗಿಲ ಬಳಿ ನಿಂತಿದ್ದ ಉಣ್ಣೆಯಕ್ಕನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಉಣ್ಣೆಯಕ್ಕನ ಕೈ ತನ್ನ ಮೊಣಕೈಯನ್ನು ಮುಚ್ಚಿತ್ತು. ಈಗ ಹೇಳುತ್ತಾಳೆ, ಎಂದುಕೊಂಡಳು. ಮಗನ ಮುಂದೆ, ಸೊಸೆಯ ಮುಂದೆ, ಈ ಚಿಕ್ಕ ಹುಡುಗಿ ಡಾಕ್ಟರ ಮುಂದೆ ಈಗ ಹೇಳುತ್ತಾಳೆ.

"ತಪ್ಪು ನನ್ನದೇ ಡಾಕ್ಟ್ರೇ," ಎಂದಳು ಬೀಗಿತ್ತಿ. "ಯಾವುದೋ ಹಳೇ ಡಬ್ಬಿ. ಸರಿಯಾಗಿ ತೊಳೀದೆ ತುಂಬಿಬಿಟ್ಟೆ."

"ನೀವು ನರ್ಸ್ ಅಲ್ವಾ?"

"ಹೌದು."

"ನರ್ಸ್ ಆಗಿ ಹೀಗೆ ಮಾಡ್ತಾರಾ? ಹದಿನೈದು ದಿನದ ಕೂಸು!"

ಬೀಗಿತ್ತಿ ತಲೆ ತಗ್ಗಿಸಿ ನಿಂತು ಬೈಸಿಕೊಂಡಳು. ಉಣ್ಣೆಯಕ್ಕ ಬಾಗಿಲಾಚೆಗೆ ಸರಿದು ನಿಂತಳು.

ಮನೆಗೆ ಬಂದ ಮೇಲೆ ಆಗಿದ್ದೆಲ್ಲ ಅವಳು ಬಯಸಿದ್ದೇ. ಮಗ ಬೀಗಿತ್ತಿಯೊಡನೆ ಮುಖ ಕೊಟ್ಟು ಮಾತಾಡಲಿಲ್ಲ. "ಅಮ್ಮಾ, ಮಗೂನ ನೀನು ಸ್ವಲ್ಪ ಹಿಡ್ಕೋ" ಎಂದು ತಾಯಿಯ ಕೈಗೇ ಕೊಟ್ಟ. ಮುಲಾಮು ಹಚ್ಚಿದ ಕೆಂಪು ಮುಖ ಉಣ್ಣೆಯಕ್ಕನ ಭುಜಕ್ಕೊರಗಿ ಮಲಗಿತು. ಎರಡು ವಾರ ಇದಕ್ಕಾಗಿಯೇ ಅವಳು ಹಲುಬಿದ್ದಳು. ಈಗ ಆ ಎರಡು ಮೂರು ಸೇರಿನ ಭಾರ ಹೊತ್ತು, ಆ ಮುಖ ನೋಡಲಾರದೆ ಗೋಡೆ ನೋಡುತ್ತಿದ್ದಳು.

ಒಳಕೋಣೆಯಿಂದ ಸೊಸೆಯ ಕೂಗು ಕೇಳಿಸಿತು. ಆ ಹುಡುಗಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ಉಣ್ಣೆಯಕ್ಕನಿಗೆ ಗೊತ್ತೇ ಇರಲಿಲ್ಲ.

"ಎಲ್ಲಾ ನಂಗೇ ಗೊತ್ತು ಅಂತೀಯ! ಯಾವಾಗ್ಲೂ ಹಾಗೇ ನೀನು! ವಾಸ್ನೆ ಅಂದ್ರೂ ಕೇಳ್ಲಿಲ್ಲ. ಹೋಗು, ಊರಿಗೆ ಹೋಗು, ನಿನ್ನ ಸಹವಾಸಾನೇ ಬೇಡ!"

ಸ್ವಲ್ಪ ಹೊತ್ತು ಸೊಸೆ ಬಿಕ್ಕುವ ಸದ್ದು ಕೇಳಿತು. ಅರ್ಧ ಗಂಟೆಯ ನಂತರ ಬಾಗಿಲ ಸಂದಿಯಿಂದ ಉಣ್ಣೆಯಕ್ಕ ಇಣುಕಿದಾಗ, ಸೊಸೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ತಾಯಿ ಅವಳ ಕೂದಲ ಸಿಕ್ಕು ಬಿಡಿಸುತ್ತ ಕೂತಿದ್ದಳು.

ಆವರೆಗೆ ಅನುಭವಿಸಿದ ಹೊಟ್ಟೆಕಿಚ್ಚೆಲ್ಲ ಹೊಗೆ ಮಾತ್ರ, ಉರಿ ಎಂದರೆ ಇದು. ಐದು ವರ್ಷದಲ್ಲಿ ಈ ಹುಡುಗಿ ತನ್ನನ್ನು ಒಂದು ಸಲವೂ ಬೈದಿಲ್ಲ. "ಸರಿ ಅತ್ತೆ", "ಆಗ್ಲಿ ಅತ್ತೆ", "ಪರವಾಗಿಲ್ಲ ಅತ್ತೆ". ಅದನ್ನು ಗೌರವ ಎಂದು ಉಣ್ಣೆಯಕ್ಕ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಹಾಗೆ ಕೂಗಾಡಿ, ಹೋಗು ಎಂದು, ಅದೇ ತೊಡೆಯ ಮೇಲೆ ನಿದ್ದೆ ಹೋಗುವುದು ಗೌರವಕ್ಕಿಂತ ಎಷ್ಟೋ ದೊಡ್ಡದು. ಅದು ತನಗೆ ಯಾವ ಅಂಗಡಿಯಲ್ಲೂ ಸಿಗದು.

ಬೀಗಿತ್ತಿ ನೀರು ಕುಡಿಯಲು ಅಡುಗೆಮನೆಗೆ ಬಂದಾಗ ಉಣ್ಣೆಯಕ್ಕ ಮಗುವನ್ನೆತ್ತಿಕೊಂಡೇ ಅಡ್ಡ ನಿಂತಳು. "ಯಾಕೆ ಹಾಗೆ ಹೇಳಿದ್ರಿ ಅಲ್ಲಿ?"

"ಮೆಲ್ಲಗೆ ಮಾತಾಡಿ, ಮಲಗಿದಾಳೆ."

"ನನ್ನ ಉಳಿಸ್ಬೇಕು ಅಂತ ಯಾರು ಹೇಳಿದ್ರು ನಿಮಗೆ?"

ಬೀಗಿತ್ತಿ ಲೋಟ ಕೆಳಗಿಟ್ಟಳು. ಮೊದಲ ಬಾರಿಗೆ ಅವಳ ಮಾತಿನಲ್ಲಿ 'ಅಕ್ಕಾ' ಇರಲಿಲ್ಲ. "ನಿಮ್ಮನ್ನ ಉಳಿಸೋಕಲ್ಲ. ನನಗೆ ಎಷ್ಟು ಸಿಟ್ಟು ಬಂದಿದೆ ಅಂತ ನಿಮಗೆ ಗೊತ್ತಿಲ್ಲ. ನಾನು ಇನ್ನೆರಡು ವಾರಕ್ಕೆ ಹೋಗೋಳು. ಇವಳು ನಾಲ್ಕು ತಿಂಗಳಾದ್ಮೇಲೆ ಕೆಲಸಕ್ಕೆ ಹೋಗ್ಬೇಕು. ಮಗೂನ ಯಾರ ಕೈಲಿ ಬಿಟ್ಟು ಹೋಗ್ತಾಳೆ? ನಿಮ್ಮ ಕೈಲೇ. ನಿಮ್ಮ ಮೇಲೆ ನಂಬಿಕೆ ಹೋದ್ರೆ ಅವಳ ಕೆಲಸ ಹೋಯ್ತು, ಇಲ್ಲಾ ನೆಮ್ಮದಿ ಹೋಯ್ತು. ನನ್ನ ಮೇಲೆ ಹೋದ್ರೆ ಏನಾಯ್ತು? ನಾನು ತಾಯಿ, ಬರುತ್ತೆ ವಾಪಸ್ಸು."

ಹೇಳಿ, ನೀರು ಕುಡಿದು, ಲೋಟ ತೊಳೆದಿಟ್ಟು ಹೋದಳು.

ಉಣ್ಣೆಯಕ್ಕ ಅಲ್ಲೇ ನಿಂತಳು. ತಪ್ಪು ಮಾಡಿದವಳು ತಾನು, ಬೈಸಿಕೊಂಡವಳು ಅವಳು. ಬೈಸಿಕೊಂಡೂ ಗೆದ್ದವಳು ಅವಳೇ! ಇನ್ನು ಜೀವವಿರುವವರೆಗೂ ಈ ಹೆಂಗಸಿನ ಋಣದಲ್ಲಿ, ಅವಳ ದೊಡ್ಡತನದ ನೆರಳಲ್ಲಿ ಬದುಕಬೇಕೇ? ಪಶ್ಚಾತ್ತಾಪ ಇರಲಿಲ್ಲವೆಂದಲ್ಲ. ಮಗುವಿನ ಮುಖ ನೋಡಿದಾಗಿನಿಂದ ಅದು ಇದ್ದೇ ಇತ್ತು. ಆದರೆ ಅವಳ ಕಾಲನ್ನು ಒಳಕೋಣೆಗೆ ನಡೆಸಿದ್ದು ಪಶ್ಚಾತ್ತಾಪವೊಂದೇ ಎಂದರೆ ಸುಳ್ಳಾದೀತು.

ಸೊಸೆ ಎದ್ದು ಕೂತಿದ್ದಳು. ಮಗ ಕಿಟಕಿಯ ಬಳಿ ಮಗುವಿನ ಔಷಧದ ಚೀಟಿ ಓದುತ್ತಿದ್ದ.

"ಆ ಡಬ್ಬೀಲಿ ತುಂಬಿದ್ದು ನಾನು," ಎಂದಳು ಉಣ್ಣೆಯಕ್ಕ. "ಅವ್ರಲ್ಲ. ನನ್ನ ಉಣ್ಣೆಜಿಡ್ಡು. ಅವ್ರು ಸ್ನಾನಕ್ಕೆ ಹೋದಾಗ ಬದಲಾಯ್ಸಿದೆ."

ಮಗ ಚೀಟಿಯಿಂದ ತಲೆಯೆತ್ತಿದ. "ಯಾಕಮ್ಮಾ?"

ಅರವತ್ತೆರಡು ವರ್ಷದ ಹೆಂಗಸು ಹೊಟ್ಟೆಕಿಚ್ಚು ಎಂದು ಹೇಳುವುದು ಹೇಗೆ?

ಸೊಸೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ಎದ್ದು ನಿಂತಳು. "ಬೇಡ ಅಂತ ಹೇಳಿದ್ಮೇಲೂ? ವಿಷ ಇರುತ್ತೆ ಅಂತ ಹೇಳಿದ್ಮೇಲೂ? ನನ್ನ ಮಗು ಬಾಯಿಗೆ? ನಿಮಗೆ ಬುದ್ಧಿ ಇದೆಯಾ ಅತ್ತೆ? ಯಾರ ಮೇಲಿನ ಹಟಕ್ಕೆ ಯಾರಿಗೆ ವಿಷ ಹಚ್ಚಿದ್ರಿ?"

ಕೂಗಿದಳು, ಗೋಡೆ ಅದುರುವಂತೆ ಕೂಗಿದಳು. ಉಣ್ಣೆಯಕ್ಕ ಮಗುವನ್ನು ಹಿಡಿದೇ ನಿಂತು ಕೇಳಿದಳು. ಆದರೆ ಈ ಕೂಗಿನ ಕೊನೆಯಲ್ಲಿ ಯಾರೂ ಯಾರ ತೊಡೆಯ ಮೇಲೂ ತಲೆಯಿಡಲಿಲ್ಲ. ಸೊಸೆ ಮಗುವನ್ನು ಅವಳ ಕೈಯಿಂದ ಎತ್ತಿಕೊಂಡು, ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ಡಾಕ್ಟರ ಔಷಧಕ್ಕೆ ಒಂದು ವಾರದಲ್ಲಿ ಗುಳ್ಳೆ ಇಳಿಯಿತು, ಮಗು ಹಾಲು ಕುಡಿಯತೊಡಗಿತು. ಬೀಗಿತ್ತಿ ರಜೆಯನ್ನು ಇನ್ನೂ ಹತ್ತು ದಿನ ಮುಂದುವರಿಸಿದಳು. ಮಗಳೇ ಹಟ ಹಿಡಿದು ನಿಲ್ಲಿಸಿಕೊಂಡಳು. ಹೀಗೆ ಉಣ್ಣೆಯಕ್ಕ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡು, ಯಾರನ್ನು ಸಾಗಹಾಕಬೇಕೆಂದಿದ್ದಳೋ ಅವಳಿಗೆ ಇನ್ನೂ ಹತ್ತು ದಿನ ಹಾಸಿಗೆ ಹಾಸಿಕೊಟ್ಟಳು. ಕಪಾಟಿನ ಡಬ್ಬಿಯನ್ನು ಮಗ ಹೇಳದೆ ಕೇಳದೆ ಕಸಕ್ಕೆ ಹಾಕಿದ. ಅವಳು ಕಂಡೂ ಕಾಣದಂತಿದ್ದಳು. ಹೋಗುವ ದಿನ ಬೀಗಿತ್ತಿ ಮೆಟ್ಟಿಲ ಬಳಿ ನಿಂತು, "ಬರ್ತೀನಿ ಅಕ್ಕಾ" ಎಂದಳು. ಸಿಟ್ಟು ಇಳಿದಿತ್ತೋ, ಬರೀ ಅಭ್ಯಾಸವೋ, ಉಣ್ಣೆಯಕ್ಕನಿಗೆ ತಿಳಿಯಲಿಲ್ಲ. "ಹುಷಾರಾಗಿ ಹೋಗ್ಬನ್ನಿ" ಎಂದಳು.

ನಾಲ್ಕು ತಿಂಗಳಾದ ಮೇಲೆ ಸೊಸೆ ಕನ್ನಡಕದ ಅಂಗಡಿಗೆ ಹೊರಟಳು. ಬೇರೆ ದಾರಿಯಿರಲಿಲ್ಲ. ಅಡುಗೆಮನೆಯ ಗೋಡೆಗೆ ಒಂದು ಕಾಗದ ಅಂಟಿಸಿದ್ದಳು, ಎಷ್ಟು ಗಂಟೆಗೆ ಏನು, ಎಷ್ಟು ಎಂದು. ಕಾಗದದ ತಲೆಯಲ್ಲಿ ದಪ್ಪಕ್ಷರದಲ್ಲಿ, ಮಗುವಿಗೆ ಏನೂ ಹಚ್ಚಬಾರದು ಎಂದಿತ್ತು. ಬಾಗಿಲು ದಾಟುವಾಗ ದಿನವೂ ಬೈದೇ ಹೋಗುತ್ತಿದ್ದಳು. "ಕೈ ತೊಳ್ಕೊಂಡ್ರಾ ಅತ್ತೆ? ನಿನ್ನೆ ಬಾಟ್ಲು ಕುದ್ಸಿರ್ಲಿಲ್ಲ ನೀವು. ಎಷ್ಟು ಸಲ ಹೇಳ್ಬೇಕು?" ಹಿಂದಿನ "ಸರಿ ಅತ್ತೆ, ಆಗ್ಲಿ ಅತ್ತೆ" ಆ ಮನೆಯಿಂದ ಹೊರಟೇಹೋಗಿತ್ತು. ಉಣ್ಣೆಯಕ್ಕ ಗೊಣಗುತ್ತಲೇ ಮತ್ತೊಮ್ಮೆ ಕೈ ತೊಳೆಯುತ್ತಿದ್ದಳು.

ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಫೋನು ಬಂತು. ಬೀಗಿತ್ತಿ. ಆಸ್ಪತ್ರೆಯಲ್ಲಿ ಬಿಡುವಾದಾಗ ದಿನಕ್ಕೊಂದು ಸಲ ಮಾಡುತ್ತಿದ್ದಳು. ಆ ದನಿ ಕೇಳಿದರೆ ಸಾಕು, ಮಗು ಫೋನಿನ ಕಡೆ ಕತ್ತು ತಿರುಗಿಸಿ ಕೈಕಾಲು ಬಡಿಯುತ್ತಿತ್ತು. ಇಡೀ ದಿನ ಎತ್ತಿ ಆಡಿಸುವವಳು ಇಲ್ಲಿ, ನಗು ಮಾತ್ರ ಆ ಊರಿಗೆ!

"ಎದ್ದಿದಾಳಾ ಅಕ್ಕಾ? ಸ್ವಲ್ಪ ಫೋನ್ ಹಿಡೀರಿ."

"ಮಲಗಿದಾಳೆ," ಎಂದಳು ಉಣ್ಣೆಯಕ್ಕ, ತೊಡೆಯ ಮೇಲೆ ಕಣ್ಣರಳಿಸಿ ಕೂತಿದ್ದ ಮೊಮ್ಮಗಳನ್ನು ನೋಡುತ್ತ.

ಮೊಮ್ಮಗಳು ಆ ಗಳಿಗೆಯಲ್ಲೇ ಜೋರಾಗಿ ಕೇಕೆ ಹಾಕಿದಳು.

"ನಿದ್ದೇಲೂ ಚೆನ್ನಾಗಿ ಮಾತಾಡ್ತಾಳಲ್ಲ, ನಿಮ್ಮ ಮೊಮ್ಮಗಳು," ಎಂದಳು ಬೀಗಿತ್ತಿ.

ಉಣ್ಣೆಯಕ್ಕನ ಕಿವಿ ಬಿಸಿಯಾಯಿತು. ಫೋನು ಇಟ್ಟುಬಿಡಬೇಕೆನ್ನಿಸಿತು. ಹೊಟ್ಟೆಯಲ್ಲಿ ಅದೇ ಹಳೆಯ ಉರಿ, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. "ಈಗ್ತಾನೆ ಎದ್ಲು," ಎಂದು ಮುಖ ಗಂಟಿಕ್ಕಿಕೊಂಡೇ ಫೋನನ್ನು ಮಗುವಿನ ಕಿವಿಗೆ ಹಿಡಿದಳು.